ಗೋಲು ಹೊಡೆಯುವವನನ್ನು ಮಾರಬೇಕೇ? ಒಂದು ಫುಟ್‌ಬಾಲ್ ಕ್ಲಬ್ಬಿನ ಎರಡು ಮಾರಾಟಗಳ ಅಧ್ಯಯನ

ಸಂಕಷ್ಟದಲ್ಲಿರುವ ಸಂಸ್ಥೆಯು ತನ್ನ ಅತ್ಯಂತ ಬೆಲೆಬಾಳುವ ಆಸ್ತಿಯನ್ನು ಮಾರಬೇಕೇ, ಬೇಡವೇ ಎಂಬ ಪ್ರಶ್ನೆಯು ವಾಣಿಜ್ಯದಷ್ಟೇ ಹಳೆಯದು. ಸಾಲ ಬೆಳೆದಾಗ ಮುಖ್ಯ ಬೀದಿಯ ಮಳಿಗೆಯನ್ನು ಮಾರುವುದೇ? ಹೆಚ್ಚು ದುಡಿಯುವ ಯಂತ್ರವನ್ನು ಬಿಟ್ಟುಕೊಡುವುದೇ? ಹೆಸರು ಮಾಡಿರುವ ಟ್ರೇಡ್ ಮಾರ್ಕನ್ನು ದೊಡ್ಡ ಕಂಪನಿಗೆ ಕೊಟ್ಟುಬಿಡುವುದೇ? ಸಾಮಾನ್ಯವಾಗಿ ಇಂತಹ ಚರ್ಚೆಗಳು ಪಾಲುದಾರರ ನಡುವೆ, ನಾಲ್ಕು ಗೋಡೆಗಳೊಳಗೆ ನಡೆಯುತ್ತವೆ. ತೀರ್ಮಾನ ಸರಿಯಾಗಿತ್ತೇ ಎಂಬುದು ಹೊರಗಿನವರಿಗೆ ತಿಳಿಯುವುದೇ ಇಲ್ಲ.

ಈ ಪ್ರಶ್ನೆಯನ್ನು ಸಾವಿರಾರು ಜನ ಬಹಿರಂಗವಾಗಿ ಚರ್ಚಿಸುವ ಉದ್ಯಮವೊಂದಿದೆ. ಅದು ಇಂಗ್ಲೆಂಡಿನ ಫುಟ್‌ಬಾಲ್. ಅಲ್ಲಿ ಕ್ಲಬ್ಬುಗಳು ಕಂಪನಿಗಳಾಗಿ ನೋಂದಣಿಯಾಗಿವೆ, ಅವುಗಳ ವಾರ್ಷಿಕ ಲೆಕ್ಕಪತ್ರಗಳು ಯಾರು ಬೇಕಾದರೂ ಓದಬಹುದಾದ ದಾಖಲೆಗಳು. ಮಾರಾಟದ ಫಲಿತಾಂಶವು ಮುಂದಿನ ವರ್ಷದ ಅಂಕಪಟ್ಟಿಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಹೀಗಾಗಿ ಫುಟ್‌ಬಾಲಿನಲ್ಲಿ ಆಸಕ್ತಿಯಿಲ್ಲದ ವ್ಯಾಪಾರಿಗೂ ಇದು ಅಭ್ಯಾಸಯೋಗ್ಯ ವಿಷಯವಾಗಿದೆ.

ಲಿವರ್‌ಪೂಲ್ ನಗರದ ಎವರ್ಟನ್ ಕ್ಲಬ್ಬು 1878ರಲ್ಲಿ ಸ್ಥಾಪನೆಯಾದದ್ದು. ಅದು 2004ರಲ್ಲೊಮ್ಮೆ, 2022ರಲ್ಲೊಮ್ಮೆ ತನ್ನ ಅಗ್ರ ಗೋಲುಗಾರನನ್ನು ಮಾರಿತು. ಎರಡು ಬಾರಿಯೂ ಕ್ಲಬ್ಬು ಸಂಕಷ್ಟದಲ್ಲಿತ್ತು. ಮಾರಾಟಕ್ಕೆ ಹಿಂದಿನ ಋತುವಿನಲ್ಲಿ ಗಳಿಸಿದ್ದ ಅಂಕಗಳೂ ಎರಡು ಬಾರಿಯೂ ಸರಿಯಾಗಿ 39. ಆದರೆ ಮಾರಾಟದ ನಂತರ ನಡೆದದ್ದು ಒಂದಕ್ಕೊಂದು ತೀರ ವಿರುದ್ಧ. ಈ ವ್ಯತ್ಯಾಸಕ್ಕೆ ಕಾರಣವೇನು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಆಟಗಾರನು ಆಸ್ತಿಯಾಗುವ ಬಗೆ

ಮೊದಲಿಗೆ ಲೆಕ್ಕಪತ್ರದ ಕ್ರಮವನ್ನು ತಿಳಿಯುವುದು ಅಗತ್ಯ. ಸಾಮಾನ್ಯ ಉದ್ಯಮದಲ್ಲಿ ನುರಿತ ಕೆಲಸಗಾರನನ್ನು ಯಾರೂ ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯೆಂದು ತೋರಿಸುವುದಿಲ್ಲ. ಆತ ನಾಳೆ ಬೆಳಿಗ್ಗೆ ಬೇರೆ ಕಡೆ ಸೇರಿಕೊಂಡರೆ ಮಾಲೀಕ ತಡೆಯಲಾರ. ಹಿಡಿತವಿಲ್ಲದ್ದನ್ನು ಆಸ್ತಿ ಎನ್ನುವಂತಿಲ್ಲ. ಭಾರತದ ಲೆಕ್ಕಪತ್ರ ಮಾನದಂಡ 26 ಸಹ ಇದೇ ನಿಲುವನ್ನು ತಳೆಯುತ್ತದೆ. ಫುಟ್‌ಬಾಲ್ ಆಟಗಾರನ ವಿಷಯ ಬೇರೆ. ಒಪ್ಪಂದದ ಅವಧಿ ಮುಗಿಯುವವರೆಗೆ ಆತನ ನೋಂದಣಿಯು ಕ್ಲಬ್ಬಿನ ಕೈಯಲ್ಲಿರುತ್ತದೆ. ಕ್ಲಬ್ಬಿನ ಒಪ್ಪಿಗೆಯಿಲ್ಲದೆ ಆತ ಬೇರೆಯವರ ಪರವಾಗಿ ಆಡುವಂತಿಲ್ಲ. ಕ್ರಯಕ್ಕೆ ಬರುವುದು ಈ ನೋಂದಣಿಯ ಹಕ್ಕೇ ಹೊರತು ಮನುಷ್ಯನಲ್ಲ.

ಬ್ರಿಟನ್ನಿನಲ್ಲಿ 1997ರಲ್ಲಿ ಹಣಕಾಸು ವರದಿ ಮಾನದಂಡ 10 ಹೊರಬಂದ ಬಳಿಕ, ಕೊಂಡ ಆಟಗಾರನ ವೆಚ್ಚವನ್ನು ಅಮೂರ್ತ ಆಸ್ತಿಯಾಗಿ ತೋರಿಸಿ ಒಪ್ಪಂದದ ವರ್ಷಗಳಿಗೆ ಹಂಚುವುದು ರೂಢಿಗೆ ಬಂದಿತು. ಮಾನದಂಡದ ಸಂಖ್ಯೆ ಆ ಮೇಲೆ ಬದಲಾಗಿದ್ದರೂ ಪದ್ಧತಿ ಬದಲಾಗಿಲ್ಲ. ಉದಾಹರಣೆಗೆ, ಕ್ಲಬ್ಬೊಂದು 3 ಕೋಟಿ ಪೌಂಡ್ ಕೊಟ್ಟು ಆಟಗಾರನೊಬ್ಬನನ್ನು ಐದು ವರ್ಷಗಳ ಒಪ್ಪಂದಕ್ಕೆ ಕೊಂಡಿತೆಂದು ಭಾವಿಸೋಣ. ವರ್ಷಕ್ಕೆ 60 ಲಕ್ಷ ಪೌಂಡ್ ಲಾಭ-ನಷ್ಟ ಖಾತೆಗೆ ಹೋಗುತ್ತದೆ. ಮೂರು ವರ್ಷಗಳ ನಂತರ ಪುಸ್ತಕ ಮೌಲ್ಯ 1.2 ಕೋಟಿ. ಆಗ ಆತನನ್ನು 4 ಕೋಟಿಗೆ ಮಾರಿದರೆ ಲಾಭ 2.8 ಕೋಟಿ. ಯಂತ್ರದ ಸವಕಳಿ ಲೆಕ್ಕವನ್ನು ಬಲ್ಲವರಿಗೆ ಇದು ಹೊಸತೇನಲ್ಲ.

ಎರಡು ಅಂಶಗಳು ಮಾತ್ರ ವಿಶೇಷ. ಒಂದು, ಕ್ಲಬ್ಬೇ ಬಾಲ್ಯದಿಂದ ತರಬೇತಿ ಕೊಟ್ಟು ಬೆಳೆಸಿದ ಆಟಗಾರನಿಗೆ ಪುಸ್ತಕದಲ್ಲಿ ಬಹುತೇಕ ಬೆಲೆಯೇ ಇರುವುದಿಲ್ಲ. ಆತನನ್ನು ಮಾರಿದರೆ ಬಂದ ಹಣವೆಲ್ಲ ಲಾಭವಾಗಿ ಕಾಣುತ್ತದೆ. ವ್ಯಾಪಾರಿಯು ತಾನೇ ಬೆಳೆಸಿದ ಬ್ರಾಂಡು, ಗಿರಾಕಿಗಳ ಬಳಗ ಇವುಗಳ ಸ್ಥಿತಿಯೂ ಇದೇ. ಮಾರುವ ದಿನದವರೆಗೆ ಪುಸ್ತಕದಲ್ಲಿ ಅವುಗಳ ಸುಳಿವಿರುವುದಿಲ್ಲ. ಎರಡು, 1995ರ ಡಿಸೆಂಬರಿನಲ್ಲಿ ಯುರೋಪಿನ ನ್ಯಾಯಾಲಯವು ಬೋಸ್ಮನ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ನಂತರ, ಒಪ್ಪಂದ ಮುಗಿದ ಆಟಗಾರನು ಹಳೆಯ ಕ್ಲಬ್ಬಿಗೆ ಏನೂ ಸಲ್ಲಿಸದೆ ಹೊರಡಬಹುದು. ಆದ್ದರಿಂದ ಈ ಆಸ್ತಿಯು ಗುತ್ತಿಗೆ ಜಮೀನಿನಂತೆ. ಅವಧಿ ಕರಗಿದಂತೆ ಮಾರುವವನ ಕೈ ಸಡಿಲವಾಗುತ್ತದೆ.

ಮೊದಲನೆಯ ಮಾರಾಟ: 2004

ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ 20 ಕ್ಲಬ್ಬುಗಳಿವೆ. ಕೊನೆಯ ಮೂರು ಕ್ಲಬ್ಬುಗಳು ಪ್ರತಿ ವರ್ಷ ಕೆಳದರ್ಜೆಗೆ ಇಳಿಯುತ್ತವೆ. ಇಳಿದ ಕ್ಲಬ್ಬಿನ ದೂರದರ್ಶನ ಪ್ರಸಾರದ ವರಮಾನವು ಒಮ್ಮೆಲೇ ಕುಸಿಯುತ್ತದೆ, ಆಟಗಾರರ ಸಂಬಳದ ಒಪ್ಪಂದಗಳು ಮಾತ್ರ ಮುಂದುವರಿಯುತ್ತವೆ. 2003-04ರ ಋತುವಿನಲ್ಲಿ ಎವರ್ಟನ್ 39 ಅಂಕಗಳೊಂದಿಗೆ 17ನೆಯ ಸ್ಥಾನದಲ್ಲಿ, ಎಂದರೆ ಉಳಿದುಕೊಂಡವರ ಪೈಕಿ ಕಟ್ಟಕಡೆಯ ಸ್ಥಾನದಲ್ಲಿ ನಿಂತಿತು. 38 ಪಂದ್ಯಗಳಲ್ಲಿ ಹೊಡೆದ ಗೋಲು 45, ಬಿಟ್ಟುಕೊಟ್ಟದ್ದು 57.

ಆ 45ರಲ್ಲಿ 9 ಗೋಲು ವೇಯ್ನ್ ರೂನಿಯವು. ಲೀಗಿನಲ್ಲಿ ತಂಡದ ಅಗ್ರ ಗೋಲುಗಾರನಾದ ಆತನಿಗೆ ಆಗ 18 ವರ್ಷ. ಒಂಬತ್ತನೆಯ ವಯಸ್ಸಿನಿಂದ ಎವರ್ಟನ್ ತರಬೇತಿಯಲ್ಲೇ ಬೆಳೆದ, ಅದೇ ನಗರದ ಹುಡುಗ. 2004ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಇಂಗ್ಲೆಂಡಿನ ಪರವಾಗಿ ನಾಲ್ಕು ಗೋಲು ಹೊಡೆದು ಲೋಕಪ್ರಸಿದ್ಧನಾದ. ಆ ಬಳಿಕ ಕ್ಲಬ್ಬು ಮುಂದಿಟ್ಟ ಹೊಸ ಒಪ್ಪಂದಕ್ಕೆ ಸಹಿ ಹಾಕದೆ, ವರ್ಗಾವಣೆ ಬೇಕೆಂದು ಲಿಖಿತ ಮನವಿ ಕೊಟ್ಟ.

ಅಭಿಮಾನಿಗಳಲ್ಲಿ ಎರಡು ಪಕ್ಷಗಳಾದವು. ಮಾರಬಾರದೆನ್ನುವವರ ವಾದ ಸರಳವಾಗಿತ್ತು: ಈತನಿದ್ದೂ 17ನೆಯ ಸ್ಥಾನವಾದರೆ, ಈತನಿಲ್ಲದೆ ಕೆಳದರ್ಜೆಯೇ ಗತಿ, ಇಂತಹ ಆಟಗಾರ ತಲೆಮಾರಿಗೊಬ್ಬ, ಹಣವಾದರೋ ಬಂದು ಹೋಗುವಂತಹದು. ಮಾರಬೇಕೆನ್ನುವವರ ವಾದವೂ ಸರಳವೇ: ನಿಲ್ಲಲೊಲ್ಲದವನನ್ನು ಕಟ್ಟಿಹಾಕಿ ಪ್ರಯೋಜನವಿಲ್ಲ, ಕ್ಲಬ್ಬಿಗೆ ಸಾಲವಿದೆ, ಒಬ್ಬನ ಬೆಲೆಗೆ ಐವರು ಬರುತ್ತಾರೆ. ಎರಡೂ ವಾದಗಳಲ್ಲಿ ಸತ್ಯಾಂಶವಿತ್ತು. ಆದರೆ ಎರಡೂ ಪಕ್ಷದವರು ಆಟಗಾರನನ್ನು ನೋಡುತ್ತಿದ್ದರೇ ಹೊರತು ಉಳಿದ ತಂಡವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

2004ರ ಆಗಸ್ಟ್ 31ರಂದು ರೂನಿಯನ್ನು ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿಗೆ ಮಾರಲಾಯಿತು. ಬೆಲೆ ಮೊದಲಿಗೆ ಸುಮಾರು 2 ಕೋಟಿ ಪೌಂಡ್. ಮುಂದಿನ ಷರತ್ತುಗಳು ಪೂರ್ಣಗೊಂಡರೆ ಸುಮಾರು 2.7 ಕೋಟಿ. ನ್ಯೂಕಾಸಲ್ ಕ್ಲಬ್ಬೂ ಅದೇ ತಿಂಗಳು ಕೊಡುಗೆ ಮುಂದಿಟ್ಟಿತ್ತು. ಕೊಳ್ಳುವವರು ಇಬ್ಬರಾದದ್ದು ಮಾರುವವರಿಗೆ ಅನುಕೂಲವಾಯಿತು.

ಮುಂದಿನ ಋತುವಿನಲ್ಲಿ ನಡೆದದ್ದು ಬಹುಮಂದಿಯ ನಿರೀಕ್ಷೆಗೆ ವಿರುದ್ಧವಾಗಿತ್ತು. ಎವರ್ಟನ್ 61 ಅಂಕ ಗಳಿಸಿ ನಾಲ್ಕನೆಯ ಸ್ಥಾನಕ್ಕೇರಿತು. ಹೊಡೆದ ಗೋಲುಗಳ ಸಂಖ್ಯೆ ಮತ್ತೆ 45, ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಬಿಟ್ಟುಕೊಟ್ಟ ಗೋಲುಗಳು ಮಾತ್ರ 57ರಿಂದ 46ಕ್ಕೆ ಇಳಿದವು. ಅಗ್ರ ಗೋಲುಗಾರ ಹೋದರೂ ವರಮಾನ ಅಷ್ಟೇ ಉಳಿದು, ಸೋರಿಕೆ ಕಡಿಮೆಯಾಗಿ, ಸಂಸ್ಥೆ ಲಾಭಕ್ಕೆ ತಿರುಗಿದಂತಾಯಿತು.

ಇದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದಾಗಿ, ಬದಲಿ ವ್ಯವಸ್ಥೆ ಮಾರಾಟಕ್ಕೆ ಮುನ್ನವೇ ಆಗಿತ್ತು. ಮಿಲ್‌ವಾಲ್ ಕ್ಲಬ್ಬಿನಿಂದ ಟಿಮ್ ಕೇಹಿಲ್ ಎಂಬ ಮಧ್ಯಪಂಕ್ತಿಯ ಆಟಗಾರನನ್ನು ಸುಮಾರು 15 ಲಕ್ಷ ಪೌಂಡಿಗೆ, ಇಪ್ಸ್‌ವಿಚ್ ಕ್ಲಬ್ಬಿನಿಂದ ಮಾರ್ಕಸ್ ಬೆಂಟ್ ಎಂಬ ಮುಂಚೂಣಿ ಆಟಗಾರನನ್ನು ಐದು ಲಕ್ಷಕ್ಕೂ ಕಡಿಮೆ ಬೆಲೆಗೆ ಬೇಸಿಗೆಯಲ್ಲೇ ಕೊಳ್ಳಲಾಗಿತ್ತು. ಕೇಹಿಲ್ ಲೀಗಿನಲ್ಲಿ 11 ಗೋಲು ಹೊಡೆದು ತಂಡದ ಅಗ್ರ ಗೋಲುಗಾರನಾದ, ಬೆಂಟ್ 6 ಗೋಲು ಹೊಡೆದ. ಎರಡನೆಯದಾಗಿ, ಕಾಲಿಗೆ ಪೆಟ್ಟಾಗಿದ್ದ ರೂನಿಯು ಋತುವಿನ ಮೊದಲ ನಾಲ್ಕು ಪಂದ್ಯಗಳಲ್ಲಿ ಆಡಿರಲಿಲ್ಲ. ಆ ನಾಲ್ಕರಲ್ಲಿ ತಂಡ ಏಳು ಅಂಕ ಗಳಿಸಿತ್ತು. ಎಂದರೆ ಮಾರಾಟದ ದಿನಕ್ಕೆ ಮೊದಲೇ, ಆತನಿಲ್ಲದೆ ತಂಡ ನಡೆಯುವುದೇ ಎಂಬ ಪರೀಕ್ಷೆ ತಾನಾಗಿಯೇ ನಡೆದುಹೋಗಿತ್ತು. ಮೂರನೆಯದಾಗಿ, 2002ರಿಂದ ತರಬೇತುದಾರರಾಗಿದ್ದ ಡೇವಿಡ್ ಮೊಯೆಸ್ ಅವರೇ ಮುಂದುವರಿದರು. ಮುಂದೆ ಒಬ್ಬನನ್ನೇ ನಿಲ್ಲಿಸಿ, ಮಧ್ಯದಲ್ಲಿ ಐವರನ್ನು ಗಟ್ಟಿಗೊಳಿಸಿ, ಗೋಲು ಬಿಟ್ಟುಕೊಡದಂತೆ ಆಡುವ ಕ್ರಮವನ್ನು ಅವರು ರೂಢಿಸಿದರು.

ಮಾರಾಟದಿಂದಲೇ ಭಾಗ್ಯ ತೆರೆಯಿತೆಂದು ಭಾವಿಸಿದರೆ ತಪ್ಪಾದೀತು. ಹೊಡೆದದ್ದಕ್ಕಿಂತ ಬಿಟ್ಟುಕೊಟ್ಟ ಗೋಲು ಒಂದು ಹೆಚ್ಚಾಗಿದ್ದರೂ ನಾಲ್ಕನೆಯ ಸ್ಥಾನ ದೊರೆತದ್ದರಲ್ಲಿ ಅದೃಷ್ಟದ ಪಾಲೂ ಇದೆ. ಮರುವರ್ಷ ತಂಡ 11ನೆಯ ಸ್ಥಾನಕ್ಕೆ ಇಳಿಯಿತು. ಆದರೆ ಅಭಿಮಾನಿಗಳು ಹೆದರಿದ್ದ ಕೆಳದರ್ಜೆಯ ಸಂಕಟ ಬರಲಿಲ್ಲ, ಕ್ಲಬ್ಬಿಗೆ ಉಸಿರಾಡಲು ಅವಕಾಶ ದೊರೆಯಿತು.

ಎರಡನೆಯ ಮಾರಾಟ: 2022

ಹದಿನೆಂಟು ವರ್ಷಗಳ ನಂತರ ಅದೇ ಕ್ಲಬ್ಬಿನಲ್ಲಿ ಅದೇ ಪ್ರಶ್ನೆ ಎದ್ದಿತು. 2021-22ರಲ್ಲಿ ಎವರ್ಟನ್ ಗಳಿಸಿದ್ದು 39 ಅಂಕ, ನಿಂತದ್ದು 16ನೆಯ ಸ್ಥಾನದಲ್ಲಿ. ಹೊಡೆದ ಗೋಲು 43. ಅದರಲ್ಲಿ 10 ಬ್ರೆಜಿಲಿನ ಮುಂಚೂಣಿ ಆಟಗಾರ ರಿಷಾರ್ಲಿಸನ್ ಅವನವು. 2004ರಲ್ಲಿ ರೂನಿಯ ಪಾಲು ನೂರಕ್ಕೆ 20 ಇದ್ದರೆ, ರಿಷಾರ್ಲಿಸನ್ ಪಾಲು ನೂರಕ್ಕೆ 23. ಅವಲಂಬನೆಯ ಮಟ್ಟವೂ ಹೆಚ್ಚುಕಡಿಮೆ ಒಂದೇ ಎಂಬುದನ್ನು ಗಮನಿಸಬೇಕು.

ಅಭಿಮಾನಿಗಳ ವಾದಗಳೂ ಹಳೆಯವೇ ಆಗಿದ್ದವು. ಆದರೆ ಈ ಬಾರಿ ಕ್ಲಬ್ಬಿನ ಲೆಕ್ಕಪುಸ್ತಕ ಬೇರೆಯಾಗಿತ್ತು. 2016ರಲ್ಲಿ ಹೊಸ ಹೂಡಿಕೆದಾರರು ಬಂದ ಮೇಲೆ ಆಟಗಾರರ ಖರೀದಿಗೂ ಸಂಬಳಕ್ಕೂ ಹಣ ಧಾರಾಳವಾಗಿ ಹರಿದಿತ್ತು. ತರಬೇತುದಾರರು ಮೇಲಿಂದ ಮೇಲೆ ಬದಲಾದರು. ಬಂದ ಪ್ರತಿಯೊಬ್ಬರೂ ತಮ್ಮ ಅಭಿರುಚಿಯ ಆಟಗಾರರನ್ನು ಕೊಳ್ಳಿಸಿದರು. 2018-19ರಿಂದ 2020-21ರವರೆಗಿನ ಮೂರು ವರ್ಷಗಳ ನಷ್ಟವೇ 37 ಕೋಟಿ ಪೌಂಡುಗಳನ್ನು ಮೀರಿತ್ತು. ಪ್ರೀಮಿಯರ್ ಲೀಗಿನ ಆಗಿನ ನಿಯಮದಂತೆ, ಕೆಲವು ವೆಚ್ಚಗಳನ್ನು ಕಳೆದ ನಂತರ, ಮೂರು ವರ್ಷಗಳಲ್ಲಿ ಕ್ಲಬ್ಬೊಂದು ತೋರಿಸಬಹುದಾಗಿದ್ದ ಗರಿಷ್ಠ ನಷ್ಟ 10.5 ಕೋಟಿ ಪೌಂಡ್ ಆಗಿತ್ತು. ಮಾರಾಟದ ಉದ್ದೇಶ ಹೊಸ ತಂಡ ಕಟ್ಟುವುದಕ್ಕಿಂತ ಹೆಚ್ಚಾಗಿ, ಈ ಹಳೆಯ ಹೊಂಡವನ್ನು ತುಂಬುವುದಾಗಿತ್ತು.

ಲೆಕ್ಕದ ವರ್ಷ ಮುಗಿಯುವ ಹೊತ್ತಿಗೆ, 2022ರ ಜೂನ್ ಕೊನೆಯಲ್ಲಿ, ರಿಷಾರ್ಲಿಸನ್‌ನನ್ನು ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ಬಿಗೆ ಮಾರಲಾಯಿತು. ಬೆಲೆ ಸುಮಾರು 5 ಕೋಟಿ ಪೌಂಡ್, ಷರತ್ತುಗಳು ಪೂರ್ಣಗೊಂಡರೆ 6 ಕೋಟಿ ಎಂದು ವರದಿಯಾಯಿತು. ಲಾಭವು 2021-22ರ ಲೆಕ್ಕಕ್ಕೇ ಸೇರಿತು. ಸೇರಿದ ಮೇಲೂ ಆ ವರ್ಷದ ನಷ್ಟ 4.47 ಕೋಟಿ ಪೌಂಡ್ ಉಳಿಯಿತು.

ಬದಲಿ ಗೋಲುಗಾರನನ್ನು ತಂದದ್ದು ಆಗಸ್ಟ್ ಕೊನೆಯ ವಾರದಲ್ಲಿ, ಋತು ಆರಂಭವಾದ ನಂತರ. ಬ್ರೈಟನ್ ಕ್ಲಬ್ಬಿನಿಂದ ಬಂದ ನೀಲ್ ಮೊಪೆ ಇಡೀ ಋತುವಿನಲ್ಲಿ ಲೀಗಿನಲ್ಲಿ ಹೊಡೆದದ್ದು ಒಂದೇ ಗೋಲು. ಸೆಪ್ಟೆಂಬರ್ 18ರಂದು, ಏಳನೆಯ ಪಂದ್ಯದಲ್ಲಿ, ತಂಡಕ್ಕೆ ಮೊದಲ ಗೆಲುವು ತಂದದ್ದು ಅದೇ ಗೋಲು. 2023ರ ಜನವರಿಯಲ್ಲಿ ತರಬೇತುದಾರರನ್ನು ವಜಾ ಮಾಡಲಾಯಿತು. ಅದೇ ತಿಂಗಳು ಆಂಟನಿ ಗಾರ್ಡನ್ ಎಂಬ ಮತ್ತೊಬ್ಬ ಮುಂಚೂಣಿ ಆಟಗಾರನನ್ನೂ ಮಾರಲಾಯಿತು, ಆತನ ಜಾಗಕ್ಕೆ ಯಾರೂ ಬರಲಿಲ್ಲ. ವರ್ಷದ ಕೊನೆಗೆ ಗೋಲುಗಳು 43ರಿಂದ 34ಕ್ಕೆ, ಅಂಕಗಳು 39ರಿಂದ 36ಕ್ಕೆ ಇಳಿದವು. ಕೊನೆಯ ದಿನದ ಕೊನೆಯ ಪಂದ್ಯದಲ್ಲಿ ಒಂದೇ ಗೋಲಿನಿಂದ ಗೆದ್ದು ಕ್ಲಬ್ಬು ಕೆಳದರ್ಜೆಯಿಂದ ಪಾರಾಯಿತು.

ಇಷ್ಟಾದರೂ ಹೊಂಡ ತುಂಬಲಿಲ್ಲ. 2021-22ಕ್ಕೆ ಕೊನೆಗೊಂಡ ಅವಧಿಯಲ್ಲಿ ಮಿತಿಯನ್ನು 1.95 ಕೋಟಿ ಪೌಂಡ್‌ಗಳಷ್ಟು ಮೀರಿದ್ದಕ್ಕಾಗಿ 2023ರ ನವೆಂಬರಿನಲ್ಲಿ ಸ್ವತಂತ್ರ ಆಯೋಗವು ಕ್ಲಬ್ಬಿನ 10 ಅಂಕಗಳನ್ನು ಕಡಿತ ಮಾಡಿತು. ಮೇಲ್ಮನವಿಯ ನಂತರ 2024ರ ಫೆಬ್ರವರಿಯಲ್ಲಿ ಅದು 6 ಅಂಕಗಳಿಗೆ ಇಳಿಯಿತು. ಮುಂದಿನ ಅವಧಿಯ ಉಲ್ಲಂಘನೆಗೆ 2024ರ ಏಪ್ರಿಲಿನಲ್ಲಿ ಮತ್ತೆ 2 ಅಂಕ ಹೋದವು.

ಲೀಡ್ಸ್ ಕ್ಲಬ್ಬಿನ ದೃಷ್ಟಾಂತ

ಹೊಂಡ ತುಂಬುವ ಮಾರಾಟವು ಕಡೆಗೆ ಎಲ್ಲಿಗೆ ಮುಟ್ಟೀತು ಎಂಬುದಕ್ಕೆ ಲೀಡ್ಸ್ ಯುನೈಟೆಡ್ ಕ್ಲಬ್ಬು ನಿದರ್ಶನವಾಗಿದೆ. 2001ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗಿನ ಸೆಮಿಫೈನಲ್ ತಲುಪಿದ್ದ ಈ ಕ್ಲಬ್ಬು, ಮುಂದಿನ ವರ್ಷಗಳ ಟಿಕೆಟ್ ವರಮಾನವನ್ನೇ ಆಧಾರವಾಗಿಟ್ಟು 25 ವರ್ಷಗಳ ಅವಧಿಗೆ 6 ಕೋಟಿ ಪೌಂಡ್ ಸಾಲ ಎತ್ತಿತು. ಪ್ರತಿ ವರ್ಷ ಚಾಂಪಿಯನ್ಸ್ ಲೀಗಿನ ವರಮಾನ ಬಂದೇ ಬರುತ್ತದೆ ಎಂಬ ಲೆಕ್ಕಾಚಾರದ ಮೇಲೆ ಖರ್ಚು ಬೆಳೆಯಿತು. ಆ ವರಮಾನ ಬರಲಿಲ್ಲ.

ಆಮೇಲೆ ಸಾಲಾಗಿ ಮಾರಾಟಗಳು ನಡೆದವು. 1.8 ಕೋಟಿ ಪೌಂಡಿಗೆ ಕೊಂಡಿದ್ದ ರಿಯೊ ಫರ್ಡಿನೆಂಡ್‌ನನ್ನು 2002ರಲ್ಲಿ ಸುಮಾರು 3 ಕೋಟಿಗೆ ಮಾರಿದ್ದು ಕಾಗದದ ಮೇಲೆ ಉತ್ತಮ ಲಾಭವೇ. ಆದರೆ ಲೀಡ್ಸ್‌ಗೆ ಹಣದ ತುರ್ತು ಇದೆಯೆಂಬುದು ಊರಿಗೆಲ್ಲ ತಿಳಿದ ಮೇಲೆ ಬೆಲೆಗಳು ಕುಸಿದವು. ಸುಮಾರು 1.1 ಕೋಟಿಗೆ ಕೊಂಡಿದ್ದ ಸ್ಟ್ರೈಕರ್ ರಾಬಿ ಫೌಲರ್‌ನನ್ನು 2003ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿಗೆ ಬಿಟ್ಟುಕೊಟ್ಟಾಗ ಕೂಡಲೇ ದೊರೆಯಬೇಕಾದ ಹಣ ಸುಮಾರು 30 ಲಕ್ಷ ಮಾತ್ರ. ಜೊತೆಗೆ ಆತನ ಸಂಬಳದ ಒಂದು ಭಾಗವನ್ನು ಮಾರಾಟದ ನಂತರವೂ ಲೀಡ್ಸ್ ಕ್ಲಬ್ಬೇ ತೆರಬೇಕಾಯಿತು. ಮಾರಿಬಿಟ್ಟ ಲಾರಿಗೆ ಕಂತು ಕಟ್ಟುತ್ತಲೇ ಇರುವ ಮಾಲೀಕನ ಸ್ಥಿತಿ ಇದು. 2003-04ರಲ್ಲಿ, ಎವರ್ಟನ್ 17ನೆಯ ಸ್ಥಾನದಲ್ಲಿ ಉಳಿದುಕೊಂಡ ಅದೇ ಋತುವಿನಲ್ಲಿ, ಲೀಡ್ಸ್ 33 ಅಂಕಗಳೊಂದಿಗೆ ಕೆಳದರ್ಜೆಗೆ ಇಳಿಯಿತು. ಅದೇ ವರ್ಷ ಕ್ರೀಡಾಂಗಣವನ್ನೂ ಮಾರಿ ಬಾಡಿಗೆಗೆ ಇರಬೇಕಾಯಿತು. ಪ್ರೀಮಿಯರ್ ಲೀಗಿಗೆ ಮರಳಿದ್ದು 2020ರಲ್ಲಿ.

ಕಾಲವು ಯಾರ ಕೈಯಲ್ಲಿದೆ?

ಮಾರಾಟದ ಬೆಲೆಯನ್ನು ನಿರ್ಧರಿಸುವುದು ಆಸ್ತಿಯ ಗುಣವಷ್ಟೇ ಅಲ್ಲ, ಕಾಲವೂ ಹೌದು. ಟಾಟನ್‌ಹ್ಯಾಮ್ ಕ್ಲಬ್ಬಿನ ಹ್ಯಾರಿ ಕೇನ್ 2022-23ರಲ್ಲಿ ಲೀಗಿನಲ್ಲೇ 30 ಗೋಲು ಹೊಡೆದರೂ ತಂಡ ಎಂಟನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ. ಒಪ್ಪಂದ ಮುಗಿಯಲು ಒಂದು ವರ್ಷವಷ್ಟೇ ಉಳಿದಿತ್ತು. ಮಾರದಿದ್ದರೆ ಮರುವರ್ಷ ಬಿಡಿಗಾಸೂ ಬಾರದೆ ಆತ ಹೊರಡಬಹುದಾಗಿತ್ತು. 2023ರ ಆಗಸ್ಟಿನಲ್ಲಿ ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್ಬಿಗೆ ಮಾರಲಾಯಿತು. ಬೆಲೆ 10 ಕೋಟಿ ಯೂರೋ ಆಸುಪಾಸು ಎಂದು ವರದಿಯಾಯಿತು. ತಂಡದ ಒಟ್ಟು ಗೋಲು 70ರಿಂದ 74ಕ್ಕೆ ಏರಿ, ಸ್ಥಾನ ಐದಕ್ಕೆ ಬಂದಿತು. ಅದರ ಮರುವರ್ಷ 17ನೆಯ ಸ್ಥಾನಕ್ಕೆ ಬಿದ್ದರೂ ಯುರೋಪಾ ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಮಾರಾಟದ ಒಂದು ವರ್ಷದ ಫಲಿತಾಂಶವನ್ನು ಕಂಡು ಶಾಶ್ವತ ತೀರ್ಪು ಕೊಡಬಾರದು ಎಂಬುದಕ್ಕೆ ಇದು ಸಾಕ್ಷಿ.

ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ಬಿನದು ಇನ್ನೊಂದು ಬಗೆಯ ಸಂದಿಗ್ಧ. ನಷ್ಟದ ಮಿತಿಯೊಳಗೆ ಬರಲು 2023ರ ಜೂನ್ 30ರೊಳಗೆ ಮುಂಚೂಣಿ ಆಟಗಾರ ಬ್ರೆನನ್ ಜಾನ್ಸನ್‌ನನ್ನು ಮಾರಬೇಕಿತ್ತು. ಅವಸರದಲ್ಲಿ ಮಾರಿದರೆ ಬೆಲೆ ಕಡಿಮೆ ಎಂದು ಕ್ಲಬ್ಬು ಕಾಯಿತು. ಸೆಪ್ಟೆಂಬರ್ 1ರಂದು 4.75 ಕೋಟಿ ಪೌಂಡ್ ದೊರೆಯಿತು. ಆದರೆ ಆ ಲಾಭ ಮುಂದಿನ ವರ್ಷದ ಲೆಕ್ಕಕ್ಕೆ ಸೇರಿತು. 6.1 ಕೋಟಿಯ ಮಿತಿಯನ್ನು 3.45 ಕೋಟಿಯಷ್ಟು ಮೀರಿದ್ದಕ್ಕಾಗಿ 2024ರ ಮಾರ್ಚಿನಲ್ಲಿ 4 ಅಂಕಗಳು ಕಡಿತವಾದವು. ಒಳ್ಳೆಯ ಬೆಲೆಗಾಗಿ ಕಾದೆವು ಎಂಬ ಸಮಜಾಯಿಷಿಯನ್ನು ಆಯೋಗ ಒಪ್ಪಲಿಲ್ಲ. ಹಣಕಾಸಿನ ವರ್ಷ ಮುಗಿಯುವ ಮುನ್ನ ಏನು ಮಾಡಬೇಕೆಂಬುದನ್ನು ವರ್ಷದ ಕೊನೆಯ ವಾರದಲ್ಲಿ ಯೋಚಿಸಲು ಕುಳಿತವನಿಗೆ ಅಗ್ಗಕ್ಕೆ ಮಾರುವುದು, ಇಲ್ಲವೇ ದಂಡ ತೆರುವುದು, ಈ ಎರಡೇ ದಾರಿಗಳು ಉಳಿಯುತ್ತವೆ.

ಒಂದು ಕಾರ್ಯಾಗಾರದ ಲೆಕ್ಕ

ಇವುಗಳನ್ನು ಸಣ್ಣ ಕೈಗಾರಿಕೆಗೆ ಅನ್ವಯಿಸಿ ನೋಡುವುದು ಸೂಕ್ತ. ಕೆಳಗಿನ ಅಂಕಿಗಳು ಕೇವಲ ಅಭ್ಯಾಸಕ್ಕಾಗಿ ಕಲ್ಪಿಸಿದವು.

ಬಿಡಿಭಾಗಗಳನ್ನು ತಯಾರಿಸುವ ಕಾರ್ಯಾಗಾರವೊಂದರಲ್ಲಿ ಒಂದು ಸಿ.ಎನ್.ಸಿ. ಯಂತ್ರವಿದೆ. ಪುಸ್ತಕ ಮೌಲ್ಯ 12 ಲಕ್ಷ ರೂಪಾಯಿ. ಸಾಮಗ್ರಿ, ವಿದ್ಯುತ್ತು ಮುಂತಾದ ನೇರ ಖರ್ಚು ಕಳೆದು ಅದು ತಿಂಗಳಿಗೆ 60 ಸಾವಿರ ದುಡಿಯುತ್ತದೆ. ಮಾಲೀಕನಿಗೆ ಶೇಕಡಾ 12ರ ಬಡ್ಡಿಯ 20 ಲಕ್ಷ ಸಾಲವಿದೆ. ಯಂತ್ರಕ್ಕೆ 20 ಲಕ್ಷ ಕೊಡುವ ಗಿರಾಕಿ ಬಂದಿದ್ದಾನೆ. ಲಾಭ-ನಷ್ಟ ಖಾತೆಯಲ್ಲಿ ಮಾರಾಟದ ಲಾಭ 8 ಲಕ್ಷ.

ಮೊದಲನೆಯ ಬಗೆ: 20 ಲಕ್ಷವನ್ನೂ ಸಾಲಕ್ಕೆ ಕಟ್ಟಿದರೆ ಉಳಿಯುವ ಬಡ್ಡಿ ತಿಂಗಳಿಗೆ 20 ಸಾವಿರ. ಕಳೆದುಕೊಳ್ಳುವ ದುಡಿಮೆ 60 ಸಾವಿರ. ತಿಂಗಳಿಗೆ 40 ಸಾವಿರ ಕೊರತೆ. 8 ಲಕ್ಷದ ಲಾಭವನ್ನು ಈ ಕೊರತೆ 20 ತಿಂಗಳಲ್ಲಿ ನುಂಗಿಬಿಡುತ್ತದೆ. ಸಾಲವೇನೋ ತೀರುತ್ತದೆ, ಸಾಲ ತೀರಿಸುತ್ತಿದ್ದ ದುಡಿಮೆಯೂ ತೀರುತ್ತದೆ.

ಎರಡನೆಯ ಬಗೆ: 12 ಲಕ್ಷದಲ್ಲಿ ತಿಂಗಳಿಗೆ ತಲಾ 30 ಸಾವಿರ ದುಡಿಯುವ ಎರಡು ಸಾಧಾರಣ ಯಂತ್ರಗಳನ್ನು ಮೊದಲೇ ಗೊತ್ತುಮಾಡಿಕೊಂಡು, ಉಳಿದ 8 ಲಕ್ಷವನ್ನು ಸಾಲಕ್ಕೆ ಕಟ್ಟಿದರೆ, ದುಡಿಮೆ 60 ಸಾವಿರವೇ ಉಳಿಯುತ್ತದೆ, ಬಡ್ಡಿಯಲ್ಲಿ ತಿಂಗಳಿಗೆ 8 ಸಾವಿರ ಉಳಿತಾಯವಾಗುತ್ತದೆ. ಕೆಲಸ ಒಂದೇ ಯಂತ್ರದ ಮೇಲೆ ನಿಲ್ಲುವ ಅಪಾಯವೂ ತಪ್ಪುತ್ತದೆ.

ಎರಡು ಬಗೆಯಲ್ಲೂ ಮಾರಿದ್ದು ಅದೇ ಯಂತ್ರ, ಬೆಲೆಯೂ ಅದೇ, ಖಾತೆಯಲ್ಲಿ ಕಾಣುವ ಲಾಭವೂ ಅದೇ. ಮೊದಲನೆಯದು 2022ರ ಎವರ್ಟನ್ನಿನ ದಾರಿಗೆ ಹತ್ತಿರ, ಎರಡನೆಯದು 2004ರ ಎವರ್ಟನ್ನಿನ ದಾರಿಗೆ.

ಗಮನಿಸಬೇಕಾದ ಅಂಶಗಳು

1. ಮಾರುವ ಮುನ್ನ ಹಣದ ಗುರಿಯನ್ನು ಬರೆದಿಡಬೇಕು. ಎಷ್ಟು ಭಾಗ ಹಳೆಯ ಹೊಂಡಕ್ಕೆ, ಎಷ್ಟು ಭಾಗ ಹೊಸ ದುಡಿಮೆಗೆ ಎಂಬುದು ಕಾಗದದ ಮೇಲೆ ಸ್ಪಷ್ಟವಿರಬೇಕು. ಇಡೀ ಹಣ ಹಿಂದಿನ ನಷ್ಟಕ್ಕೇ ಹೋಗುವುದಾದರೆ ಅದು ಬಿತ್ತನೆಯ ಬೀಜವನ್ನು ಬೇಯಿಸಿ ಉಂಡಂತೆ.

2. ಬದಲಿ ವ್ಯವಸ್ಥೆ ಮೊದಲು, ಮಾರಾಟ ಆಮೇಲೆ. ಮಾರಾಟದ ಸುದ್ದಿ ಹಬ್ಬಿದ ಮೇಲೆ ಬದಲಿಯನ್ನು ಹುಡುಕಲು ಹೊರಟರೆ ಕೊಳ್ಳುವ ಬೆಲೆ ಏರುತ್ತದೆ, ವೇಳೆಯೂ ಮೀರುತ್ತದೆ.

3. ಸಾಧ್ಯವಾದರೆ ಪರೀಕ್ಷೆ ಮಾಡಿ ನೋಡಬೇಕು. ಆ ಯಂತ್ರವನ್ನೋ ಮಳಿಗೆಯನ್ನೋ ಕೆಲವು ವಾರ ನಿಲ್ಲಿಸಿ, ಉಳಿದ ವ್ಯವಹಾರ ಹೇಗೆ ನಡೆಯುತ್ತದೆಂದು ತಿಳಿಯುವುದಕ್ಕೆ ಖರ್ಚು ಕಡಿಮೆ.

4. ವರ್ಷದ ಫಲಿತಾಂಶವನ್ನು ಮಾರಾಟದ ಲಾಭವನ್ನು ಹೊರತುಪಡಿಸಿ ಓದಬೇಕು. ಆ ಲಾಭ ಒಂದೇ ಸಲ ಬರುವಂತಹದು. ಅದನ್ನು ಕಳೆದು ನೋಡಿದಾಗ ನಷ್ಟವೇ ಕಂಡರೆ, ರೋಗ ಆಸ್ತಿಯಲ್ಲಿಲ್ಲ, ಖರ್ಚಿನಲ್ಲಿದೆ. ಸೋರುವ ಕೊಡಕ್ಕೆ ಎಷ್ಟು ನೀರು ಹೊಯ್ದರೂ ವ್ಯರ್ಥ.

5. ಕಂತು, ಷರತ್ತುಗಳ ಬೆಲೆಯನ್ನು ಪೂರ್ಣ ಬೆಲೆಯೆಂದು ಎಣಿಸಬಾರದು. ಕೈಗೆ ಬರುವ ನಗದೆಷ್ಟು, ಯಾವ ತಿಂಗಳು ಬರುತ್ತದೆ, ಮಾರಾಟದ ನಂತರವೂ ಉಳಿಯುವ ಹೊಣೆ ಯಾವುದು ಎಂಬುದನ್ನು ಪಟ್ಟಿ ಮಾಡಬೇಕು.

6. ಬ್ಯಾಂಕಿಗೆ ಅಡಮಾನವಾಗಿರುವ ಯಂತ್ರವನ್ನು ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ಸವಕಳಿ ಪಡೆದ ಆಸ್ತಿಯ ಮಾರಾಟಕ್ಕೆ ಆದಾಯ ತೆರಿಗೆಯಲ್ಲೂ ಜಿ.ಎಸ್.ಟಿ.ಯಲ್ಲೂ ಪರಿಣಾಮಗಳುಂಟು. ತೆರಿಗೆ ಕಳೆದು ಉಳಿಯುವುದನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು.

7. ತನ್ನ ತುರ್ತು ಪೇಟೆಗೆ ತಿಳಿಯುವ ಮುನ್ನ ಮಾತುಕತೆ ಆರಂಭಿಸಬೇಕು. ಕೊಳ್ಳುವವರು ಇಬ್ಬರಾದರೂ ಇದ್ದಾಗ ಸಿಗುವ ಬೆಲೆ, ಗಡುವು ತಲೆಯ ಮೇಲಿದ್ದಾಗ ಸಿಗುವುದಿಲ್ಲ.

ಉಪಸಂಹಾರ

ಅಭಿಮಾನಿಗಳ ವಾದವಿವಾದಗಳಲ್ಲಿ ಪ್ರೀತಿಯಿದೆ, ಕೋಪವಿದೆ, ನೆನಪುಗಳಿವೆ. ತಾನೇ ಬೆಳೆಸಿದ ಅಂಗಡಿಯನ್ನೋ ಬ್ರಾಂಡನ್ನೋ ಮಾರುವ ವ್ಯಾಪಾರಿಯ ಮನಸ್ಸಿನಲ್ಲಿಯೂ ಇವೆಲ್ಲ ಇರುತ್ತವೆ, ಇರುವುದು ಸಹಜ. ಆದರೆ ಮಾರಬೇಕೇ ಬೇಡವೇ ಎಂಬ ಒಂದೇ ಪ್ರಶ್ನೆಯಿಂದ ಉತ್ತರ ಹೊರಡುವುದಿಲ್ಲ ಎಂಬುದನ್ನು ಎವರ್ಟನ್ನಿನ ಎರಡು ಮಾರಾಟಗಳು ತೋರಿಸಿಕೊಡುತ್ತವೆ. 39 ಅಂಕಗಳ ಅದೇ ಸ್ಥಿತಿಯಿಂದ ಹೊರಟು ಒಮ್ಮೆ 61ಕ್ಕೆ ಏರಿದ್ದು, ಒಮ್ಮೆ 36ಕ್ಕೆ ಇಳಿದದ್ದು ಹೋದ ಆಟಗಾರನಿಂದಲ್ಲ. ಆತ ಹೋಗುವ ವೇಳೆಗೆ ಉಳಿದವರು ಸಿದ್ಧರಾಗಿದ್ದರೇ, ಬಂದ ಹಣ ಅದಾಗಲೇ ಖರ್ಚಾಗಿಹೋಗಿತ್ತೇ ಎಂಬುದೇ ಫಲವನ್ನು ನಿರ್ಧರಿಸಿತು. ಆದುದರಿಂದ ಆಸ್ತಿಗೆ ಬೆಲೆ ಕೇಳಿಕೊಂಡು ಯಾರಾದರೂ ಬಾಗಿಲಿಗೆ ಬಂದಾಗ, ಅವರು ಹೇಳುವ ಮೊತ್ತಕ್ಕಿಂತ ಮೊದಲು ನೋಡಬೇಕಾದದ್ದು ತನ್ನದೇ ಖಾತೆಪುಸ್ತಕವನ್ನು.